ನಾಲ್ಕನೇ ಸಲ ಕೈ ಹಿಡಿಯುವವನು

ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವವನಿಗೆ ಯಮನೂರ ಎಂಬ ಹೆಸರಿರಬಾರದು. ಕುಷ್ಟಗಿಯ ಕಡೆ ಅದು ದೇವರ ಹೆಸರು, ಹರಕೆ ಹೊತ್ತು ಹಡೆದ ಮಕ್ಕಳಿಗೆ ಇಡುವ ಹೆಸರು. ಹೆಬ್ಬಗೋಡಿಯ ನರ್ಸಿಂಗ್ ಹೋಮಿನಲ್ಲಿ ಮಾತ್ರ ಅದರ ಕಥೆಯೇ ಬೇರೆ. ಸ್ಟ್ರೆಚರ್ ಮೇಲೆ ಅಂಗಾತ ಮಲಗಿದವರ ಕಣ್ಣಿಗೆ ನೇರವಾಗಿ ಬೀಳುವುದು ತಳ್ಳುವವನ ಎದೆಯ ಬ್ಯಾಡ್ಜು. ಮೊದಲೆರಡು ಅಕ್ಷರ ಓದುವಷ್ಟರಲ್ಲೇ ಅವರಿಗೆ ಬೆವರು. ಒಂದು ಸಲ ಅಂಜಿನಮ್ಮ ಎಂಬ ಮುದುಕಿ ಓದಿದವಳೇ ಎದ್ದು ಕೂತು, "ನಾನ್ ಇನ್ನೊಂದ್ ದಿನ ಬತ್ತೀನಿ ಕಣಪ್ಪ, ಇವತ್ ದಿನ ಚೆನ್ನಾಗಿಲ್ಲ" ಎಂದು ಸೀರೆ ಸರಿಮಾಡಿಕೊಂಡು ಇಳಿದೇಬಿಟ್ಟಿದ್ದಳು. ಅಂದಿನಿಂದ ರೋಗಿಯನ್ನು ಕರೆತರಲು ಹೋಗುವಾಗ ಯಮನೂರ ಬ್ಯಾಡ್ಜನ್ನು ತಿರುಗಿಸಿ ಹಾಕಿಕೊಳ್ಳುತ್ತಾನೆ.

ಹದಿನೇಳನೇ ವಯಸ್ಸಿಗೆ ಸೋದರಮಾವನ ಬೆನ್ನುಹತ್ತಿ ಸೆಂಟ್ರಿಂಗ್ ಕೆಲಸಕ್ಕೆಂದು ಬಂದವನು ಅವನು. ಇವತ್ತು ನಿಂತು ಕೆಲಸ ಮಾಡುವ ಥಿಯೇಟರಿನ ತಾರಸಿಗೆ ಕಾಂಕ್ರೀಟ್ ಹೊತ್ತವರಲ್ಲಿ ಅವನೂ ಒಬ್ಬ. ಕಟ್ಟಡ ಮುಗಿದು ಆಸ್ಪತ್ರೆ ಶುರುವಾದಾಗ ರೋಗಿಗಳನ್ನು ಎತ್ತಿ ಇಳಿಸಲು ಗಟ್ಟಿ ರಟ್ಟೆಯ ಆಳು ಬೇಕಿತ್ತು. ಮಾವ ಮುಂದಿನ ಸೈಟಿಗೆ ಹೋದ, ಇವನು ಉಳಿದುಕೊಂಡ. ವಾರ್ಡಿನಿಂದ ಥಿಯೇಟರಿನ ಬಾಗಿಲಿಗೆ, ಬಾಗಿಲಿನಿಂದ ಒಳಕ್ಕೆ, ಒಳಗಿನಿಂದ ರೋಗಿಯ ತಲೆಯ ಪಕ್ಕಕ್ಕೆ ಬರಲು ಆರು ವರ್ಷ ಹಿಡಿಯಿತು. ನಡುವೆ ಡಿಪ್ಲೊಮಾ ಕೂಡ ಮುಗಿಸಿದ. ಈಗ ಅವನು ಅರಿವಳಿಕೆ ಕೊಡುವ ಡಾಕ್ಟರ ಬಲಗೈ. ವಯಸ್ಸು ಮೂವತ್ತನಾಲ್ಕು.

ಆ ಡಾಕ್ಟರು ಶಿವಶಂಕರ್. ಅವರಿಗೆ ಸ್ವಂತ ಆಸ್ಪತ್ರೆಯಿಲ್ಲ. ಬೊಮ್ಮನಹಳ್ಳಿಯಿಂದ ಅತ್ತಿಬೆಲೆಯವರೆಗೆ ಹೊಸೂರು ರಸ್ತೆಯ ಆರು ನರ್ಸಿಂಗ್ ಹೋಮುಗಳೂ ಅವರವೇ. ಕಾರಿನ ಡಿಕ್ಕಿಯಲ್ಲಿ ಅವರ ಚೀಲ. ಕರೆ ಬಂದ ಕಡೆ ಹೋಗುತ್ತಾರೆ, ಮಲಗಿಸುತ್ತಾರೆ, ಎಬ್ಬಿಸುತ್ತಾರೆ, ಹೊರಡುತ್ತಾರೆ. "ಮಲಗ್ಸೋದು ಯಾರ್ ಬೇಕಾದ್ರೂ ಮಲಗಿಸ್ತಾರೆ ಕಣೋ. ಎಬ್ಬಿಸ್ತೀಯಾ ಅನ್ನೋದು ಪ್ರಶ್ನೆ" ಎನ್ನುವುದು ಅವರ ಮಾತು.

ಯಮನೂರನಿಗೆ ಆ ವಿದ್ಯೆಯ ಅ ಆ ಇ ಈ ಹೇಳಿಕೊಟ್ಟವರೂ ಅವರೇ. ಔಷಧಿ ಒಳಗೆ ಹೋದ ಮೇಲೆ ರೋಗಿಯ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಉಸಿರೂ ನಿಲ್ಲುತ್ತದೆ. ಅಲ್ಲಿಂದ ಶ್ವಾಸನಾಳದೊಳಕ್ಕೆ ಟ್ಯೂಬು ಇಳಿಯುವವರೆಗೆ ಆ ಮನುಷ್ಯನ ಉಸಿರು ಇನ್ನೊಬ್ಬರ ಕೈಯಲ್ಲಿ. ಆದ್ದರಿಂದ ಮೊದಲೇ ನೋಡಬೇಕು: ಹಲ್ಲು ಹೇಗಿದೆ, ಗದ್ದ ಎಷ್ಟಿದೆ, ಕತ್ತು ಹಿಂದಕ್ಕೆ ಬಾಗುತ್ತದೋ ಇಲ್ಲವೋ, ಬಾಯಿ ಎಷ್ಟು ತೆರೆಯುತ್ತದೆ. ಬಾಯಿಗೊಂದು ಸುಲಭದ ಅಳತೆಯಿದೆ. ರೋಗಿ ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ಮಾಡಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಡಬೇಕು. ಮೂರೂ ಹಿಡಿದರೆ ಬಾಯಿಯ ಚಿಂತೆ ಮುಗಿಯಿತು. ಎರಡೇ ಹಿಡಿದರೆ ಹುಷಾರಾಗಬೇಕು.

ಟ್ಯೂಬು ಹಾಕುವ ಪ್ರಯತ್ನಗಳನ್ನು ಗಟ್ಟಿಯಾಗಿ ಎಣಿಸುವ ಕೆಲಸವೂ ಯಮನೂರನದೇ. ಮೊದಲ ದಿನ ಎಣಿಸು ಎಂದಾಗ ಅವನ ಬಾಯಲ್ಲಿ "ಲಾಭ" ಎಂದು ಬಂದಿತ್ತು. ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಆ ಕಡೆಯವರೆಲ್ಲರಂತೆ ಅವನ ಅಪ್ಪನೂ ಒಂದು ಎನ್ನುತ್ತಿರಲಿಲ್ಲ. ಮೊದಲ ಕೊಳಗ ಲಾಭ, ಆಮೇಲೆ ಎರಡು, ಮೂರು. ಥಿಯೇಟರೆಲ್ಲ ನಕ್ಕಿತು. ಶಿವಶಂಕರ್ ಮಾತ್ರ ನಗಲಿಲ್ಲ. "ಸರಿಯಾಗೇ ಹೇಳ್ದೆ. ಮೊದಲ್ನೇ ಸಲ ಆದ್ರೇನೇ ಲಾಭ. ಆಮೇಲಿಂದೆಲ್ಲ ನಷ್ಟಾನೇ" ಎಂದರು. ಅಲ್ಲಿಂದ ಆ ಥಿಯೇಟರಿನಲ್ಲಿ ಎಣಿಕೆ ಲಾಭದಿಂದಲೇ.

ಅದೇ ಸಂಜೆ ಬೇಕರಿಯ ಮುಂದೆ ಚಹಾ ಕುಡಿಯುತ್ತ ಅವರು ಇನ್ನೊಂದು ಮಾತು ಹೇಳಿದ್ದರು. ಚಿಕ್ಕ ವಯಸ್ಸಿನಲ್ಲಿ, ಬೇರೆ ಊರಿನಲ್ಲಿ, ಒಬ್ಬ ಹುಡುಗಿಗೆ ಅವರು ಆರು ಸಲ ಟ್ಯೂಬು ಹಾಕಲು ನೋಡಿದ್ದರಂತೆ. "ಪ್ರತೀ ಸಲ ತಿವಿದಾಗ್ಲೂ ಒಳಗೆ ಊದ್ಕೊಳ್ಳುತ್ತೆ. ಆಮೇಲೆ ಮಾಸ್ಕಿಂದ ಗಾಳೀನೂ ಹೋಗಲ್ಲ. ಅವತ್ತು ರೂಮಲ್ಲಿ ಐದ್ ಜನ ಇದ್ರು. ಎಲ್ರಿಗೂ ಗೊತ್ತಾಗಿತ್ತು, ಸಾಕು ಅಂತ. ಒಬ್ರೂ ಹೇಳ್ಲಿಲ್ಲ. ನನ್ ಕಣ್ಣಿಗೆ ಆ ಗಂಟ್ಲೊಂದ್ ಬಿಟ್ಟು ಬೇರೇನೂ ಕಾಣ್ತಿರ್ಲಿಲ್ಲ ಕಣೋ." ಲೋಟ ಕೆಳಗಿಟ್ಟು, "ಮೂರೇ. ನಾಲ್ಕನೇದಕ್ಕೆ ಹೋದ್ರೆ ನನ್ ಕೈ ಹಿಡ್ಕೊ. ಮುಲಾಜು ನೋಡ್ಬೇಡ" ಎಂದರು. ಯಮನೂರ ಹೂಂ ಎಂದ. ಗುರುವಿನ ಕೈ ಹಿಡಿಯುವ ದಿನ ಬರಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ಯಾರಾದರೂ ಹೂಂ ಎನ್ನುತ್ತಾರೆ.

ಹನ್ನೊಂದು ವರ್ಷ ಬರಲಿಲ್ಲ. ಕಳೆದ ಶ್ರಾವಣಕ್ಕೆ ಮುಂಚಿನ ಒಂದು ಮಂಗಳವಾರ ಬೆಳಿಗ್ಗೆ ಬಂತು.

ರೋಗಿ ಚನಬಸಪ್ಪ, ಹುನಗುಂದದ ಕಡೆಯವನು. ನಲವತ್ತೊಂದು ವರ್ಷ. ಮೊದಲು ಪೀಣ್ಯದಲ್ಲಿದ್ದು, ಈಗ ಹೆಬ್ಬಗೋಡಿಯ ಹತ್ತಿರದ ಒಂದು ತಗಡಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಪಿತ್ತಕೋಶದಲ್ಲಿ ಕಲ್ಲು. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ತೆಗೆಯುವ ಆಪರೇಷನ್, ಡಾಕ್ಟರ್ ನಂದೀಶ್ ಮಾಡುವವರಿದ್ದರು. ಜೊತೆಗೆ ತಾಯಿ ರುಕ್ಮವ್ವ ಬಂದಿದ್ದಳು. ಯಮನೂರನ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ತವರಿನವರು ಸಿಕ್ಕಷ್ಟು ಖುಷಿ.

"ಯಾವೂರೋ ಯಪ್ಪಾ ನಿಂದು? ಕುಷ್ಟಗಿ? ಅಯ್ಯ, ನಮ್ಮ ಮಗ್ಗಲಕ ಅಲ್ಲನು! ನಮ್ಮ ಚೆನ್ನ ಈಗೀಗ ಖಾರಾನ ಮುಟ್ಟೂದಿಲ್ಲೋ. ರೊಟ್ಟಿ ಹಾಲಾಗ ನೆನಸಿ ಕೊಡಬೇಕ, ಸಣ್ಣ ಕೂಸಿಗೆ ಕೊಟ್ಟಂಗ. ಆಪರೇಷನ್ ಆದಮ್ಯಾಗರ ತಿಂತಾನೇನು?"

"ತಿಂತಾನ ಬಿಡವಾ" ಎಂದ ಯಮನೂರ.

ಹುನಗುಂದದ ಗಂಡಸು ಖಾರ ಮುಟ್ಟುವುದಿಲ್ಲವೆಂದರೆ ಅಲ್ಲೇ ಕಿವಿ ನಿಮಿರಬೇಕಿತ್ತು. ವರ್ಷಗಟ್ಟಲೆ ಗುಟ್ಕಾ ತಿಂದವರ ಬಾಯೊಳಗಿನ ಚರ್ಮ ಬಿಳಚಿ, ದಪ್ಪಗಾಗಿ, ಹಗ್ಗದ ಹಾಗೆ ಬಿಗಿಯುತ್ತದೆ. ಖಾರ ಉರಿಯುತ್ತದೆ, ಬಾಯಿ ದಿನದಿನಕ್ಕೆ ಮುಚ್ಚುತ್ತ ಬರುತ್ತದೆ. ಗುಟ್ಕಾ ಬಿಟ್ಟರೂ ಬಿಗಿತ ಬಿಡುವುದಿಲ್ಲ. ಇದೆಲ್ಲ ಯಮನೂರನಿಗೆ ಗೊತ್ತಿಲ್ಲದ್ದೇನಲ್ಲ. ಗುಟ್ಕಾ ಉಂಟೇ ಎಂದು ಕೇಳಿಯೂ ಇದ್ದ. "ಬಿಟ್ಟ ಮೂರ ವರ್ಷ ಆತ್ರಿ" ಎಂದು ಚನಬಸಪ್ಪ ನಿಜವನ್ನೇ ಹೇಳಿದ್ದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಶಿವಶಂಕರ್. ಫ್ಲೈಓವರ್ ಮೇಲೆ ಲಾರಿ ಕೆಟ್ಟು ನಿಂತು, ಅವರು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. "ಬಾಯಿ ನೋಡಿದ್ಯೇನೋ?"

"ಈಗ ನೋಡ್ತಾ ಇದ್ದೀನಿ ಸಾರ್." ಒಂದು ಕೈಯಲ್ಲಿ ಫೋನು ಹಿಡಿದೇ ಯಮನೂರ ಚನಬಸಪ್ಪನ ಕಡೆ ತಿರುಗಿದ. "ಅಣ್ಣಾರ, ಮೂರ ಬಳ್ಳ ಹಿಂಗ ಜೋಡಿಸಿ ಬಾಯಾಗ ಇಡ್ರಿ ನೋಡೂಣು."

ಚನಬಸಪ್ಪ ಹೆಗಲ ಮೇಲಿನ ಟವೆಲು ಸರಿಸಿ ಬಲಗೈ ಎತ್ತಿದ. ಬೆರಳುಗಳನ್ನು ಬಿಗಿಯಾಗಿ ಜೋಡಿಸಿ ಬಾಯಿಗೆ ಒತ್ತಿಕೊಂಡ. ಕಣ್ಣು ಅಗಲವಾಗಿತ್ತು, ಹಣೆಯ ಮೇಲೆ ಸಣ್ಣಗೆ ಬೆವರಿತ್ತು. ಆಪರೇಷನ್ ಎಂದರೆ ಯಾರಿಗೆ ಬೆವರುವುದಿಲ್ಲ? ಯಮನೂರನಿಗೆ ಕಂಡದ್ದು ಕೈಯ ಹಿಂಬದಿ, ಒಂದರ ಮೇಲೊಂದು ಮೂರು ಗೆಣ್ಣು. ಎಣಿಸಿದ. ಫೋನಿಗೆ ಹೇಳಿದ: "ಮೂರು ಬೆರಳು ಸಾರ್."

ಕೈ ಇಳಿಸಿ ಟವೆಲಿನೊಳಗೆ ಸೇರಿಸಿಕೊಳ್ಳುತ್ತ ಚನಬಸಪ್ಪ ಕೇಳಿದ: "ಪಾಸ್ ಆದ್ನಿಲ್ರಿ?"

ಯಮನೂರ ನಕ್ಕ. "ಪಾಸ್ ಆದ್ರಿ."

ಶಿವಶಂಕರ್ ಬಂದಾಗ ಹತ್ತೂಮುಕ್ಕಾಲು. ಮಧ್ಯಾಹ್ನ ಬೊಮ್ಮಸಂದ್ರದಲ್ಲಿ ಇನ್ನೊಂದು ಕೇಸು. ಮೆಟ್ಟಿಲು ಹತ್ತುತ್ತಲೇ ಮಾಸ್ಕ್ ಕಟ್ಟಿಕೊಂಡರು, ಎದೆಗೆ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಕತ್ತು ಬಗ್ಗಿಸಿ ನೋಡಿದರು. ಬಾಯಿ ಹೇಗೂ ಯಮನೂರ ನೋಡಿದ್ದಾನಲ್ಲ. ಅವರಿಗೊಂದು ಹಳೆಯ ಅಭ್ಯಾಸವಿತ್ತು: ಹೊಸ ರೋಗಿಗೆ ನಿದ್ದೆ ಬರಿಸಿದ ಮೇಲೆ ಮೊದಲು ಕೊಡುವುದು ಸ್ಕೋಲಿನ್, ಸ್ನಾಯು ಸಡಿಲಿಸಿ ಐದಾರು ನಿಮಿಷದಲ್ಲಿ ಇಳಿದುಹೋಗುವ ಔಷಧಿ. ಹೆಚ್ಚು ಹೊತ್ತು ಹಿಡಿಯುವುದು ಟ್ಯೂಬು ಕೂತ ಮೇಲೆಯೇ. ಸಿರಿಂಜಿನಲ್ಲಿ ಎರಡು ಸಲಕ್ಕಾಗುವಷ್ಟು ತುಂಬಿ ಸಿಸ್ಟರ್ ಶ್ಯಾಮಲಾ ಯಮನೂರನ ಕೈಗೆ ಕೊಟ್ಟಳು. ಅವನು ಅರ್ಧ ಕೊಟ್ಟು ನಿಲ್ಲಿಸಿದ. ಚನಬಸಪ್ಪನ ಮೈ ಒಮ್ಮೆ ಸಣ್ಣಗೆ ಅದುರಿ ಸ್ತಬ್ಧವಾಯಿತು.

ಶಿವಶಂಕರ್ ಗದ್ದ ಹಿಡಿದು ಬಾಯಿ ಬಿಡಿಸಲು ನೋಡಿದರು. ಬಾಯಿ ಬಿಡಲಿಲ್ಲ.

"ಇನ್ನೂ ಔಷಧಿ ಹಿಡಿದಿಲ್ವಾ?" ಎಂದು ಒಂದು ಕ್ಷಣ ಕಾದು ಮತ್ತೆ ಒತ್ತಿದರು. ಎರಡು ಹಲ್ಲಿನ ಸಾಲಿನ ನಡುವೆ ಸಂದಿ ಬಿಟ್ಟಿತು, ಅಂಚೆ ಡಬ್ಬಿಯ ಬಾಯಿಯಷ್ಟು. ಗಂಟಲೊಳಗೆ ನೋಡುವ ಸ್ಕೋಪಿನ ಅಲಗನ್ನು ಅಡ್ಡ ಮಾಡಿ ತೂರಿಸಿದರು.

"ಲಾಭ" ಎಂದ ಯಮನೂರ, ಗಡಿಯಾರ ನೋಡುತ್ತ.

ಒಳಗೆ ನಾಲಿಗೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೆಳಕು ತಿರುಗಿಸಿದರು, ತಲೆಯ ಕೆಳಗೆ ಇನ್ನೊಂದು ದಿಂಬು ಇಡಿಸಿದರು, ಹೊರಗಿನಿಂದ ಗಂಟಲು ಒತ್ತಲು ಹೇಳಿದರು. ಇಲ್ಲ. ಅಲಗು ಹೊರತೆಗೆದು ರೋಗಿಯ ಮುಖಕ್ಕೆ ಮಾಸ್ಕ್ ಇಟ್ಟು, ಬ್ಯಾಗು ಒತ್ತಿ ಉಸಿರು ಕೊಟ್ಟರು. ಮಾನಿಟರಿನಲ್ಲಿ ಆಮ್ಲಜನಕ ತೊಂಬತ್ತನಾಲ್ಕಕ್ಕೆ ಇಳಿದದ್ದು ತೊಂಬತ್ತೇಳಕ್ಕೆ ಬಂತು.

"ಮೂರು ಬೆರಳು ಅಂದ್ಯಲ್ಲೋ?"

"ಹೌದು ಸಾರ್."

ಎರಡನೆಯದಕ್ಕೆ ಬೂಜಿ ತೆಗೆದುಕೊಂಡರು. ಅದೊಂದು ಉದ್ದನೆಯ ತೆಳು ಕಡ್ಡಿ. ದಾರಿ ಕಾಣದಿದ್ದಾಗ ಅದನ್ನು ಮೊದಲು ಇಳಿಸಿ, ಅದರ ಮೇಲೆ ಟ್ಯೂಬು ಜಾರಿಸುತ್ತಾರೆ. ಶ್ವಾಸನಾಳಕ್ಕೆ ಹೋದರೆ ತುದಿಗೆ ಮೃದ್ವಸ್ಥಿಯ ಉಂಗುರಗಳು ಗರಗರ ತಾಗುತ್ತವೆ. ತಾಗಲಿಲ್ಲ. ನುಣ್ಣಗೆ ಇಳಿಯಿತು, ಅನ್ನನಾಳಕ್ಕೆ. "ಎರಡು" ಎಂದ ಯಮನೂರ. ಅಲಗಿನ ತುದಿಯಲ್ಲಿ ರಕ್ತವಿತ್ತು. ಮಾನಿಟರಿನ ಪೀಂ ಪೀಂ ಸದ್ದು ಆಮ್ಲಜನಕ ಇಳಿದಂತೆ ತಾನೂ ದನಿ ಇಳಿಸುತ್ತದೆ. ಥಿಯೇಟರಿನವರಿಗೆ ಅದನ್ನು ನೋಡುವುದು ಬೇಕಿಲ್ಲ, ಕಿವಿಗೇ ಗೊತ್ತಾಗುತ್ತದೆ.

"ಎಂಬತ್ತೆಂಟು ಸಾರ್" ಎಂದಳು ಶ್ಯಾಮಲಾ.

"ಕ್ಲಿಪ್ ಸರಿಯಾಗಿದ್ಯಾ ನೋಡು. ಆ ಕೈಗೆ ಹಾಕು" ಎಂದರು ಶಿವಶಂಕರ್, ಮಾಸ್ಕ್ ಒತ್ತಿ ಹಿಡಿದು.

ಯಮನೂರ ಎಡಗೈ ಬೆರಳಿನಿಂದ ಆಮ್ಲಜನಕ ಅಳೆಯುವ ಕ್ಲಿಪ್ ಕಿತ್ತು ರೋಗಿಯ ಬಲಗೈ ಹಿಡಿದ. ಆ ಕೈ ನಿದ್ದೆಯಲ್ಲೂ ಅರ್ಧ ಮಡಚಿಕೊಂಡೇ ಇತ್ತು. ಬಿಡಿಸಿದ. ತೋರುಬೆರಳು ಇತ್ತು. ಉಂಗುರದ ಬೆರಳು ಇತ್ತು. ನಡುಬೆರಳು ಗೆಣ್ಣಿನಿಂದ ಅರ್ಧ ಇಂಚು ಮುಂದಕ್ಕೆ ಬಂದು ಮುಗಿದುಹೋಗಿತ್ತು. ತಗಡು ಒತ್ತುವ ಯಂತ್ರ, ಪವರ್ ಪ್ರೆಸ್, ಕಡಿದದ್ದು. ಪೀಣ್ಯದಿಂದ ಬಂದ ಅಂಥ ಕೈಗಳನ್ನು ಅವನು ನೂರು ನೋಡಿದ್ದ.

ಅವನು ಎಣಿಸಿದ್ದು ಗೆಣ್ಣು, ತುದಿಯನ್ನಲ್ಲ. ಹಲ್ಲಿನ ನಡುವೆ ಹೋಗಿದ್ದದ್ದು ಎರಡೇ ಬೆರಳು, ಅವೂ ಉಗುರಿನಷ್ಟು. ಈ ಬಾಯಿ ಔಷಧಿಗೆ ಬಿಡುವ ಬಾಯಲ್ಲ. ಬೆಳಿಗ್ಗೆಯೇ ಮುಚ್ಚಿತ್ತು, ವರ್ಷಗಳಿಂದ ಮುಚ್ಚಿತ್ತು. ಎಚ್ಚರವಿರುವಾಗಲೇ ಮೂಗಿನಿಂದ ಟ್ಯೂಬು ಇಳಿಸಬೇಕಾಗಿದ್ದ ಮನುಷ್ಯನನ್ನು ತಾನು ಪಾಸ್ ಮಾಡಿ ಒಳಗೆ ಕಳಿಸಿದ್ದ.

ಹೇಳಬೇಕು. ಈಗಲೇ ಹೇಳಬೇಕು. ಆದರೆ ಹೇಳಿದರೆ? ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸುಳ್ಳು ಅಳತೆ ಕೊಟ್ಟವನಲ್ಲ ಎಂಬ ಹೆಸರು, ಸೆಂಟ್ರಿಂಗ್ ಹಲಗೆ ಹೊರುತ್ತಿದ್ದವನಿಗೆ ಡಾಕ್ಟರರು ಕೊಟ್ಟಿದ್ದ ನಂಬಿಕೆ, ಎಲ್ಲವೂ ಆ ಒಂದು ಮಾತಿನಲ್ಲಿ ಮಣ್ಣುಪಾಲು. ಕ್ಲಿಪ್ ಸಿಕ್ಕಿಸಿ ಸುಮ್ಮನೆ ನಿಂತ. ನಾಚಿಕೆಯಾಗಬೇಕು, ಆದರೆ ನಿಂತದ್ದು ನಿಜ.

ತೊಂಬತ್ತೊಂದಕ್ಕೆ ಬಂದದ್ದೇ ಶಿವಶಂಕರ್ ಮೂರನೇ ಸಲ ಅಲಗು ಎತ್ತಿದರು. ಒಳಗೆ ರಕ್ತ, ಜೊಲ್ಲು. ಹೀರುವ ನಳಿಕೆ ಹಾಕಿದರೆ ಅಲಗಿಗೆ ಜಾಗವಿಲ್ಲ, ಅಲಗು ಹಾಕಿದರೆ ನಳಿಕೆಗಿಲ್ಲ. "ಮೂರು" ಎಂದ ಯಮನೂರ. ದನಿ ತನ್ನದಲ್ಲವೆನ್ನಿಸಿತು. ಎಂಬತ್ತು. ಎಪ್ಪತ್ತೊಂಬತ್ತು. ಮತ್ತೆ ಮಾಸ್ಕ್. ಈ ಸಲ ಬ್ಯಾಗು ಕೈಗೆ ಬಿರುಸಾಗಿತ್ತು, ಎದೆ ಅರ್ಧವಷ್ಟೇ ಏಳುತ್ತಿತ್ತು. ಒಳಗೆ ಊದಲು ಶುರುವಾಗಿತ್ತು.

ಶಿವಶಂಕರರ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಕಾಣ್ತು. ಈ ಸಲ ತುದಿ ಕಾಣ್ತು ನನಗೆ. ಇನ್ನೊಂದೇ ಸಲ. ಸ್ಕೋಲಿನ್ ಇಳೀತಾ ಇದೆ, ಉಳಿದಿದ್ದು ಕೊಟ್ಬಿಡು."

ಸಿರಿಂಜು ಮತ್ತೆ ಯಮನೂರನ ಬಲಗೈಗೆ ಬಂದಿತ್ತು. ಹೆಬ್ಬೆರಳು ಅದರ ಮೇಲೆಯೇ ಇತ್ತು. ಒತ್ತಿದರೆ ಚನಬಸಪ್ಪನ ಸ್ವಂತ ಉಸಿರು ಇನ್ನೂ ಐದಾರು ನಿಮಿಷ ಇಲ್ಲ. ಒತ್ತದಿದ್ದರೆ ಇನ್ನು ಸ್ವಲ್ಪದರಲ್ಲೇ ಅವನು ತಾನೇ ಉಸಿರಾಡಬಹುದು, ಅಲ್ಲಿಯವರೆಗೆ ಬದುಕಿಸಿಟ್ಟರೆ.

"ಯಮನೂರ, ಕೊಡೋ!"

"ಮೂರಾಯ್ತು ಸಾರ್."

"ಕೊಡು ಅಂದೆ!" ಎನ್ನುತ್ತ ಅವರ ಬಲಗೈ ಅಲಗನ್ನು ಎತ್ತಿಕೊಂಡಿತು. ಕಣ್ಣು ಆ ಸಂದಿಯನ್ನು ಬಿಟ್ಟು ಕದಲಲಿಲ್ಲ. ಅದೇ ಕಣ್ಣು, ಯಮನೂರನಿಗೆ ಗೊತ್ತಾಯಿತು, ಬೇಕರಿಯ ಮುಂದೆ ಅವರೇ ಹೇಳಿದ್ದ ಕಣ್ಣು.

ತಪ್ಪು ಮಾಡಿದವನಿಗೆ ದೊಡ್ಡವರನ್ನು ತಡೆಯುವ ಬಾಯಿ ಎಲ್ಲಿರುತ್ತದೆ? ಬಾಯಿ ಇರಲಿಲ್ಲ. ಕೈ ಇತ್ತು. ಸಿರಿಂಜನ್ನು ಟ್ರೇಗೆ ಹಾಕಿ ಅವನು ಡಾಕ್ಟರರ ಮಣಿಕಟ್ಟು ಹಿಡಿದುಕೊಂಡ. ಕಾಂಕ್ರೀಟ್ ಹೊತ್ತ ಕೈ, ಬಿಗಿಯಾಗಿಯೇ ಹಿಡಿಯಿತು.

"ಮೂರಾಯ್ತು ಸಾರ್. ಬೇಡ. ಈ ಬಾಯಿ ತೆರೆಯೋದೇ ಇಲ್ಲ. ನಡುಬೆರಳೇ ಇಲ್ಲ ಇವರಿಗೆ, ನಾನ್ ಗೆಣ್ಣು ಎಣಿಸಿ ಮೂರು ಅಂದೆ. ತಪ್ಪು ನಂದು. ಎಬ್ಬಿಸ್ಬಿಡೋಣ ಸಾರ್."

ಶಿವಶಂಕರ್ ತಲೆ ಎತ್ತಿ ಅವನನ್ನು ನೋಡಿದರು. ಎರಡು ಪೀಂ ಆಗುವಷ್ಟು ಹೊತ್ತು. ಆಮೇಲೆ ಅಲಗು ಅವರ ಕೈಯಿಂದ ಟ್ರೇಗೆ ಬಿತ್ತು.

"ನಂದೀಶ್, ಬ್ಲೇಡ್ ತಗೊಂಡು ಕತ್ತಿನ ಹತ್ರ ಬನ್ನಿ. ನಾನು ಹೇಳೋವರ್ಗೂ ಮುಟ್ಬೇಡಿ" ಎಂದರು. ದನಿ ತಣ್ಣಗಾಗಿತ್ತು. "ಶ್ಯಾಮಲಾ, ಮೂಗಿನ ನಳಿಕೆ, ಜೆಲ್ಲಿ ಹಚ್ಚಿ. ಯಮನೂರ, ನೀನ್ ಬ್ಯಾಗ್ ಒತ್ತು. ನಾನು ಎರಡೂ ಕೈಯಲ್ಲಿ ಮಾಸ್ಕ್ ಹಿಡೀತೀನಿ."

ಮೆತ್ತನೆಯ ನಳಿಕೆ ಮೂಗಿನಿಂದ ಗಂಟಲಿನವರೆಗೆ ಇಳಿಯಿತು. ಶಿವಶಂಕರ್ ಎರಡೂ ಕೈಗಳಿಂದ ದವಡೆಯನ್ನು ಮುಂದಕ್ಕೆಳೆದು ಮಾಸ್ಕನ್ನು ಮುಖಕ್ಕೆ ಅಂಟಿಸಿದರು. ಯಮನೂರ ಬ್ಯಾಗ್ ಒತ್ತಿದ. ಎಪ್ಪತ್ತಾರು. "ಮೆಲ್ಲಗೆ ಒತ್ತು, ಗಾಳಿ ಹೊಟ್ಟೆಗೆ ಹೋಗುತ್ತೆ" ಎಂದರು ಶಿವಶಂಕರ್. ಎಪ್ಪತ್ತೆರಡು. ನಂದೀಶ್ ಎಡಗೈ ಬೆರಳಿನಿಂದ ಕತ್ತಿನ ನಡುವಿನ ತಗ್ಗನ್ನು ಹುಡುಕಿ ಹಿಡಿದು ನಿಂತಿದ್ದರು. ಮೇಲಿನಿಂದ ಗಾಳಿ ಹೋಗಲೇ ಇಲ್ಲವೆಂದರೆ ಅಲ್ಲೇ ಕೊಯ್ದು ದಾರಿ ಮಾಡಬೇಕು. ಎಪ್ಪತ್ತೊಂದು. ಯಮನೂರನಿಗೆ ತಾನು ಎಂದೂ ಕಾಣದ ಅಡುಗೆಮನೆ ಕಣ್ಣಿಗೆ ಬಂತು, ಅಲ್ಲಿ ರುಕ್ಮವ್ವ ರೊಟ್ಟಿಯನ್ನು ಹಾಲಿನಲ್ಲಿ ನೆನೆಸುತ್ತಿದ್ದಳು. ಯಪ್ಪಾ ಯಮನೂರಪ್ಪ, ನಿನ್ನ ಹೆಸರು ಇಟ್ಟುಕೊಂಡಿದ್ದಕ್ಕಾದರೂ.

ಎಪ್ಪತ್ತೊಂದು. ಎಪ್ಪತ್ತೊಂದು. ಎಪ್ಪತ್ತಮೂರು.

"ಒತ್ತು" ಎಂದರು ಶಿವಶಂಕರ್.

ಎಂಬತ್ತು ದಾಟಿದಾಗ ಸದ್ದು ಬದಲಾಯಿತು. ತೊಂಬತ್ತಾದಾಗ ನಂದೀಶ್ ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೊಂದು ನಿಮಿಷ ಕಳೆದಿರಬೇಕು, ಯಮನೂರನ ಕೈಯೊಳಗಿನ ಬ್ಯಾಗು ಅವನು ಒತ್ತದೆಯೇ ತಾನಾಗಿ ಸಣ್ಣಗೆ ಕುಗ್ಗಿತು, ಮತ್ತೆ ಉಬ್ಬಿತು. ಚನಬಸಪ್ಪ ಎಳೆದುಕೊಂಡ ಉಸಿರು. ಯಮನೂರನಿಗೆ ಅಳು ಬಂತು. ಮಾಸ್ಕ್ ಕಟ್ಟಿಕೊಂಡಿದ್ದರಿಂದ ಅತ್ತ.

ಅಂದು ಕಲ್ಲು ತೆಗೆಯಲಿಲ್ಲ. ಎಚ್ಚರಾದ ಮೇಲೆ ಚನಬಸಪ್ಪನನ್ನು ವಾರ್ಡಿಗೆ ಕಳಿಸಿದರು. ಶಿವಶಂಕರ್ ಕೋಣೆಯಲ್ಲಿ ಕೂತು ನಡೆದದ್ದನ್ನೆಲ್ಲ ಬರೆದರು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಕೆಂಪಗಿತ್ತು. ಯಮನೂರ ಬಾಗಿಲಲ್ಲಿ ನಿಂತ.

"ಸಾರ್, ನನ್ನಿಂದ..."

"ಫೋನಲ್ಲಿ ಬಾಯಿ ನೋಡೋ ಡಾಕ್ಟ್ರು ನಾನು" ಎಂದರು ಅವರು, ತಲೆ ಎತ್ತದೆ. "ನಿಂದು ಎಷ್ಟೋ, ನಂದೂ ಅಷ್ಟೇ. ಹೋಗು." ಕೈ ಹಿಡಿದ ವಿಷಯ ಎತ್ತಲಿಲ್ಲ. ಚೀಲ ಎತ್ತಿಕೊಂಡು ಹೋದರು. ಬುಧವಾರ ಬರಲಿಲ್ಲ, ಗುರುವಾರ ಬರಲಿಲ್ಲ. ಬೇರೆ ಯಾರೋ ಬಂದು ಹೋದರು. ಎಲ್ಲರ ಎದುರು ಗುರುವಿನ ಕೈ ಹಿಡಿದವನು ಆ ಎರಡೂ ದಿನ ಗೇಟಿನಲ್ಲಿ ಕಾರಿನ ಸದ್ದಾದಾಗಲೆಲ್ಲ ಕಿಟಕಿಗೆ ಹೋಗಿ ನೋಡುತ್ತಿದ್ದ.

ಬುಧವಾರ ಸಂಜೆ ಅವನು ವಾರ್ಡಿಗೆ ಹೋಗಿ ಚನಬಸಪ್ಪನ ಮಂಚದ ಮೇಲೆ ಕೂತ. ಸಿಟ್ಟು ಬಂದಿತ್ತು, ತಡೆಯಲಾಗದಷ್ಟು. "ಬಳ್ಳ ಯಾಕ ಮುಚ್ಚಿಟ್ರಿ? ಸಾಯ್ತಿದ್ರಿ ನೀವು, ಗೊತ್ತೈತಿ?"

ಚನಬಸಪ್ಪನ ದನಿ ಬಿದ್ದುಹೋಗಿತ್ತು. ಪಿಸುಗುಟ್ಟಿದ: "ಫಿಟ್ನೆಸ್ ಅಂತ ತಿಳಕೊಂಡಿದ್ನಿರಿ."

"ಏನ್ ಫಿಟ್ನೆಸ್?"

"ಕಂಪನ್ಯಾಗ ವರ್ಷಕ್ಕೊಮ್ಮಿ ಡಾಕ್ಟರ್ ಬರ್ತಾರಲ್ರಿ. ಕಣ್ ನೋಡ್ತಾರ, ಕೈ ಎತ್ತು ಅಂತಾರ. ಬಳ್ಳ ಇಲ್ಲಂದ್ರ ಅನ್‌ಫಿಟ್ ಬರದ ಗೇಟಿನಿಂದ ಹೊರಗ ಹಾಕ್ತಾರ. ಎಂಟ ವರ್ಷ ಹಿಂಗ ಜೋಡಿಸಿ ತೋರಿಸೇನ್ರಿ, ಒಬ್ರಿಗೂ ಗೊತ್ತಾಗಿಲ್ಲ. ನೀವು ಮೂರ ಬಳ್ಳ ಅಂದ್ರಿ, ಮೂರಿಲ್ಲಂದ್ರ ಆಪರೇಷನ್ ಮಾಡಂಗಿಲ್ಲ ಅಂತ ಅಂಜಿದ್ನಿ." ಆಮೇಲೆ ಶಾಲೆಯ ಹುಡುಗನಂತೆ ಕೇಳಿದ: "ಈಗ ಫೇಲ್ ಆದ್ನೇನ್ರಿ?"

ಯಮನೂರನ ಸಿಟ್ಟು ಎಲ್ಲಿ ಹೋಯಿತೋ. ಹಿಂದಿನ ದಿನದ "ಪಾಸ್ ಆದ್ನಿಲ್ರಿ" ಎಂಬ ಮಾತಿಗೆ ತಾನು ನಕ್ಕದ್ದು ನೆನಪಾಯಿತು. ಆ ಮನುಷ್ಯ ತಮಾಷೆ ಮಾಡಿರಲೇ ಇಲ್ಲ. "ಫೇಲ್ ಆದಾಂವ ನಾನ್ರೀ ಅಣ್ಣಾರ" ಎಂದ. "ಕಂಪನ್ಯಾಗ ಮುಚ್ಚಿಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಉಸಿರ ಕೊಡೂ ಮಂದಿ ಮುಂದ ಕೈ ಮುಚ್ಚಬ್ಯಾಡ್ರಿ." ಚನಬಸಪ್ಪ ಗೋಡೆ ನೋಡುತ್ತ ಮಲಗಿದ.

ಶುಕ್ರವಾರ ಬೆಳಿಗ್ಗೆ ಶಿವಶಂಕರರ ಫೋನು. "ಸೋಮವಾರ ರಜೆ ಹಾಕು. ನಿನ್ ಚನಬಸಪ್ಪಂಗೆ ದೊಡ್ಡಾಸ್ಪತ್ರೇಲಿ ಮೂಗಿನಿಂದ ಕ್ಯಾಮೆರಾ ಹಾಕಿ ಟ್ಯೂಬ್ ಇಳಿಸ್ತಾರೆ, ಎಚ್ಚರ ಇರೋವಾಗ್ಲೇ. ಭಯ ಬೀಳ್ತಾನೆ, ಅವನ ಭಾಷೇಲಿ ಮಾತಾಡೋರು ಒಬ್ರು ಪಕ್ಕದಲ್ಲಿ ಬೇಕು. ನಾನೂ ಇರ್ತೀನಿ." ಫೋನು ಇಡುವ ಮುಂಚೆ ಅಂದರು: "ಮತ್ತೆ ಬ್ಯಾಡ್ಜ್ ತಿರುಗಿಸ್ಕೊಂಡ್ ಬರ್ಬೇಡ. ಅಲ್ಲಿನೋರಿಗೆ ಹೇಳಿದೀನಿ, ನಾಲ್ಕನೇ ಸಲ ಕೈ ಹಿಡಿಯೋನು ಇವನೇ ಅಂತ."

ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಬಿಂದುಶ್ರೀ ಎಂಬ ಸಣ್ಣ ವಯಸ್ಸಿನ ಡಾಕ್ಟರು ಕಾಗದ ಹಿಡಿದು ಬಂದರು. ಹಿಂದಿನದೆಲ್ಲ ಓದಿದ್ದರೂ ತಾವೇ ನೋಡಬೇಕೆಂದರು, ಒಳ್ಳೆಯ ಡಾಕ್ಟರು. ಸುತ್ತ ಏಳೆಂಟು ಜನ ಕಲಿಯುವವರು. ಶಿವಶಂಕರ್, ಯಮನೂರ ಮಂಚದ ಪಕ್ಕದಲ್ಲಿದ್ದರು, ರುಕ್ಮವ್ವ ಬಾಗಿಲಲ್ಲಿ ನಿಂತಿದ್ದಳು. ಚನಬಸಪ್ಪನ ಬಲಗೈ ಟವೆಲಿನೊಳಗಿತ್ತು.

"ಮೂರು ಬೆರಳು ಜೋಡಿಸಿ ಬಾಯಲ್ಲಿ ಇಟ್ಟು ತೋರ್ಸಿ" ಎಂದರು ಬಿಂದು‌ಶ್ರೀ.

ಚನಬಸಪ್ಪ ಯಮನೂರನ ಮುಖ ನೋಡಿದ. ಎದೆಯ ಮೇಲೆ ನೇರವಾಗಿ ನಿಂತಿದ್ದ ಹೆಸರನ್ನೂ ಓದಿದ. ಟವೆಲು ತೆಗೆದು ಮಡಿಲಲ್ಲಿಟ್ಟ. ಎಂಟು ವರ್ಷ ಅರ್ಧ ಮಡಚಿಕೊಂಡಿದ್ದ ಕೈಯನ್ನು ಎಲ್ಲರ ಮುಂದೆ ಎತ್ತಿ, ಬೆರಳುಗಳನ್ನು ದೂರ ದೂರ ಬಿಡಿಸಿ ಹಿಡಿದ. ಆಮೇಲೆ ಎಡಗೈಯಿಂದ ಒಂದೊಂದನ್ನೇ ಮುಟ್ಟಿ ತಾನೇ ಎಣಿಸಿದ.

"ಲಾಭ" ಎಂದ, ತೋರುಬೆರಳು ಮುಟ್ಟಿ. "ಎರಡ" ಎಂದ, ಉಂಗುರದ ಬೆರಳು ಮುಟ್ಟಿ. ಕೊನೆಗೆ ನಡುವಿನದರ ಮೇಲೆ ಕೈ ಇಟ್ಟ. "ಇದು ಅರ್ಧ ಐತ್ರಿ ಡಾಕ್ಟರ್ ಬಾಯಾರ. ಬರಕೋರಿ."